ಅಕ್ಕಿ ನೆನೆಹಾಕುವ ಪ್ರೋಗ್ರಾಮಿನ ಬೆಲೆ

ನಾನು ಪೆರುಂಗುಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇದ್ದೇನೆ ಎಂದರೆ ಮಂಡ್ಯ ಕಡೆಯ ನಮ್ಮ ನೆಂಟರೆಲ್ಲ ನಾನು ಸಾಫ್ಟ್‌ವೇರ್ ಬರೆಯುತ್ತೇನೆ ಎಂದೇ ತಿಳಿದಿದ್ದಾರೆ. ನಾನು ಬರೆಯುವುದಿಲ್ಲ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುತ್ತೇನೆ. ವರ್ಷಗಟ್ಟಲೆ ತಪ್ಪು ಹುಡುಕಿ ಹುಡುಕಿ ನನ್ನ ಸ್ವಭಾವವೂ ಹಾಗೇ ಆಗಿಹೋಗಿದೆ ಎಂದು ನನ್ನ ಗಂಡ ಹೇಳುತ್ತಾರೆ. ಸಾರಿಗೆ ಉಪ್ಪು ಕಡಿಮೆ ಎಂದು ಅವರು ಹೇಳಿದರೆ ಯಾವ ಚಮಚದಲ್ಲಿ ಕಡಿಮೆಯೆನಿಸಿತು ಎಂದು ನಾನು ಕೇಳುತ್ತೇನಂತೆ. ಇರಬಹುದು.

ಸ್ವಂತಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಹುಚ್ಚು. ಅದನ್ನು ಯಾರೂ ನನಗೆ ಕಲಿಸಲಿಲ್ಲ, ಅದಕ್ಕಾಗಿ ಯಾರೂ ಸಂಬಳವನ್ನೂ ಕೊಡುವುದಿಲ್ಲ. ಹಾಲಿನವನ ಲೆಕ್ಕಕ್ಕೆ ಒಂದು ಬರೆದೆ. ಪಲ್ಲಾವರಂನ ನಮ್ಮ ಅಪಾರ್ಟ್‌ಮೆಂಟಿಗೆ ನೀರಿನ ಲಾರಿ ಎಂದು ಬರುತ್ತದೆ ಎಂದು ಊಹಿಸುವುದಕ್ಕೆ ಇನ್ನೊಂದು ಬರೆದೆ. ಲಾರಿ ಬರುವುದು ಡ್ರೈವರನ ಮರ್ಜಿಗೆ ಎಂದು ಗೊತ್ತಾದ ಮೇಲೆ ಅದನ್ನು ಬಿಟ್ಟೆ. ಎಲ್ಲವೂ ನನ್ನ ಲ್ಯಾಪ್‌ಟಾಪಿನಲ್ಲೇ ಹುಟ್ಟಿ ಅಲ್ಲೇ ಸತ್ತವು. ನಾನು ಬರೆದದ್ದನ್ನು ಯಾರಾದರೂ ಒಬ್ಬರು, ನನ್ನ ಮುಖ ನೋಡಿಕೊಂಡಲ್ಲ, ತಮ್ಮ ಕೆಲಸಕ್ಕೆ ಬೇಕು ಎಂದು ದಿನಾ ಬಳಸಬೇಕು ಎನ್ನುವುದೊಂದು ಆಸೆ ನನ್ನೊಳಗೆ ಇತ್ತು. ಬಾಯಿಬಿಟ್ಟು ಹೇಳಿದರೆ ನಗೆಪಾಟಲಾಗುವಂಥ ಆಸೆ. ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ನಮ್ಮ ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ಇದೆ. ಯಜಮಾನರು ಕುಂದಾಪುರದ ಕಡೆಯವರು, ಅರವತ್ತರ ಆಸುಪಾಸು, ಮದರಾಸಿಗೆ ಬಂದು ಅರ್ಧ ಆಯುಸ್ಸು ಕಳೆದವರು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅಲ್ಲಿಗೇ ಹೋಗುತ್ತಿದ್ದೆವು. ತಿಂಡಿ ಒಂದು ನೆಪ. ವಾರವೆಲ್ಲ ಆಫೀಸಿನಲ್ಲಿ ಇಂಗ್ಲಿಷ್, ಆಟೋದವರ ಹತ್ತಿರ ನನ್ನ ಹರಕು ತಮಿಳು. ಆ ಹೋಟೆಲಿನ ಗಲ್ಲಾದ ಮುಂದೆ ನಿಂತಾಗ ಮಾತ್ರ ಬಾಯಿಗೆ ಬಿಡುಗಡೆ ಸಿಗುತ್ತಿತ್ತು. ಅವರ ಕುಂದಾಪುರದ ಕನ್ನಡ ನನಗೆ ಮೊದಮೊದಲು ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಕಿವಿಗೆ ಹಿತವಾಗಿತ್ತು.

ಒಂದು ಭಾನುವಾರ ಇಡ್ಲಿ ಖಾಲಿಯಾಗಿತ್ತು. ಯಜಮಾನರು ಹಣೆ ಚಚ್ಚಿಕೊಂಡರು.

"ಎಂತ ಮಾಡುದ್ ಮೇಡಂ, ನಿನ್ನೆ ಹಿಟ್ಟ್ ಉಳ್ದ್ ಹುಳಿ ಬಂತ್ ಅಂತ ಇವತ್ತಿಗೆ ಕಮ್ಮಿ ಮಾಡ್ದೆ. ಇವತ್ತ್ ಕಾಣಿ, ಒಂಬತ್ತ್ ಗಂಟಿಗೇ ಖಾಲಿ! ಇದೊಂದ್ ಲೆಕ್ಕ ಮಾತ್ರ ನಂಗೆ ಯಾವತ್ತೂ ಸಮ ಬರ್ಲಿಲ್ಲೆ."

ನಾಳೆಯ ಇಡ್ಲಿ ದೋಸೆಗೆ ಅಕ್ಕಿ, ಉದ್ದು ಇವತ್ತು ಬೆಳಿಗ್ಗೆಯೇ ನೆನೆಯಬೇಕು. ತಿಂಡಿಯ ಗಲಾಟೆ ಮುಗಿದು ಹನ್ನೊಂದರ ಹೊತ್ತಿಗೆ ಯಾರೋ ಒಬ್ಬರು ಅಡುಗೆಮನೆಗೆ ಇಷ್ಟು ಎಂದು ಹೇಳಬೇಕು. ಜಾಸ್ತಿ ಹೇಳಿದರೆ ಹಿಟ್ಟು ಹುಳಿ, ಕಡಿಮೆ ಹೇಳಿದರೆ ಗಿರಾಕಿ ಎದುರಿನ ಹೋಟೆಲಿಗೆ. ಶುಕ್ರವಾರ ಪಲ್ಲಾವರಂ ಸಂತೆ, ಅಂದು ದುಪ್ಪಟ್ಟು ಜನ. ಮುಹೂರ್ತದ ದಿನ ಯಾರೂ ಬರುವುದಿಲ್ಲ, ಎಲ್ಲರೂ ಮದುವೆಮನೆಯಲ್ಲಿ. ಮಳೆ ಬಂದರೆ ಇಡ್ಲಿ ಬೇಡ, ಬಿಸಿ ದೋಸೆ ಬೇಕು. ಅವರು ಹೇಳುತ್ತಾ ಹೋದ ಹಾಗೆ ನನ್ನ ಮೈ ಜುಮ್ಮೆಂದಿತು. ಇದಪ್ಪಾ ಪ್ರೋಗ್ರಾಂ ಎಂದುಕೊಂಡೆ.

ಬರೆದೆ. ಎಷ್ಟೋ ಸಂಜೆಗಳು ಅದರಲ್ಲೇ ಕಳೆದವು. ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು, ನಾಳೆ ಏನು ದಿನ, ಮೋಡ ಇದೆಯೇ ಎಂದು ಕೇಳಿ, ಅಕ್ಕಿ ಇಷ್ಟು ಉದ್ದು ಇಷ್ಟು ಎಂದು ಹೇಳುವ ಪುಟ್ಟ ಪ್ರೋಗ್ರಾಂ. ಪೂರ್ತಿ ಕನ್ನಡದಲ್ಲಿ. ಅದರಲ್ಲಿ ನನಗೆ ಎಲ್ಲಿಲ್ಲದ ಹೆಮ್ಮೆ. 'ನಾಳೆ ಸಂತೆಯೇ?' ಎಂದು ಕೇಳುತ್ತಿತ್ತು. 'ಉದ್ದು ಇಷ್ಟು ಸಾಕು' ಎನ್ನುತ್ತಿತ್ತು. ಸಾಕು ಎನ್ನುವ ಮಾತನ್ನು ಹಾಕಬೇಕೋ ಬೇಡವೋ ಎಂದು ನಾನು ಇಡೀ ಸಂಜೆ ಯೋಚಿಸಿದ್ದೇನೆ. ಮನೆಯಲ್ಲಿ ಬಿದ್ದಿದ್ದ ಹಳೆಯ ಟ್ಯಾಬ್ಲೆಟ್ಟಿಗೆ ಅದನ್ನು ಹಾಕಿ ಯಜಮಾನರಿಗೆ ಕೊಟ್ಟೆ. ಅವರು ಪಂಚೆಯ ಅಂಚಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡರು. ಒಂದೊಂದೇ ಸಾಲನ್ನು ಜೋರಾಗಿ ಓದಿದರು. ಮಾರನೆಯ ವಾರ ಹೋದಾಗ ನಕ್ಕು ಬರಮಾಡಿಕೊಂಡರು.

"ಸಮ ಬಂತ್ ಮೇಡಂ! ಒಂದ್ ಪಾತ್ರಿ ಹಿಟ್ಟ್ ಸೈತ ಹುಳಿ ಆಯ್ಲಿಲ್ಲೆ. ಇದ್ಕೆ ಎಷ್ಟ್ ಕೊಡ್ಕ್ ಹೇಳಿ."

"ಅಯ್ಯೋ, ಏನೂ ಬೇಡ ಯಜಮಾನ್ರೇ. ಖುಷಿಗೆ ಮಾಡಿದ್ದು."

"ಖುಷಿಗೆ ಅಂದ್ರೆ?"

"ಅಂದ್ರೆ ಹವ್ಯಾಸ. ನನಗೆ ಇದು ಇಷ್ಟ, ಅದಕ್ಕೇ ಮಾಡಿದೆ."

"ಅಲ್ಲ, ನಂಗೂ ಅಡುಗಿ ಮಾಡುದ್ ಅಂದ್ರೆ ಇಷ್ಟವೇ. ಹಂಗಂತ ಬಿಲ್ ಮಾಡ್ದೇ ಬಿಡ್ತ್ನಾ?"

ಸುಮ್ಮನೆ ಹಲ್ಲು ಕಿರಿದೆ. ನಿಜ ಹೇಳುತ್ತೇನೆ, ಎಷ್ಟು ಎಂದು ಹೇಳಬೇಕೋ ನನಗೆ ಗೊತ್ತೇ ಇರಲಿಲ್ಲ. ಸಾವಿರ ಎಂದರೆ ನನ್ನ ಅಷ್ಟು ಸಂಜೆಗಳಿಗೆ ನಾನೇ ಅವಮಾನ ಮಾಡಿದ ಹಾಗೆ. ಇಪ್ಪತ್ತು ಸಾವಿರ ಎಂದರೆ ಇನ್ನು ಮೇಲೆ ಅವರು ನನ್ನನ್ನು ನೋಡುವ ನೋಟವೇ ಬೇರೆಯಾಗುತ್ತದೆ. ಇದರ ಜೊತೆಗೆ ಒಳಗೊಂದು ಸಣ್ಣ ಲೆಕ್ಕಾಚಾರವೂ ಇತ್ತು. ದುಡ್ಡು ಕೊಟ್ಟು ಕೊಂಡದ್ದನ್ನು ಯಾರು ಬೇಕಾದರೂ ಸರಿಯಿಲ್ಲ ಎಂದು ಎಸೆಯಬಹುದು, ಪ್ರೀತಿಯಿಂದ ಕೊಟ್ಟದ್ದನ್ನು ಎಸೆಯುವುದಿಲ್ಲ. ನನ್ನ ಪ್ರೋಗ್ರಾಂ ಅಲ್ಲಿ ಓಡುತ್ತಾ ಇರಬೇಕಿತ್ತು, ನನಗೆ ಬೇಕಾಗಿದ್ದದ್ದು ಅದು.

ಯಜಮಾನರು ಗಲ್ಲಾಪೆಟ್ಟಿಗೆಯನ್ನು ಮುಚ್ಚಿದರು. ಆಮೇಲೆ, "ಹಂಗಾರೆ ನೀವ್ ನಂಗೆ ತಂಗಿ ಇದ್ದಂಗೆ" ಎಂದರು. ಅಂದಿನಿಂದ ನಾನು ಮೇಡಂ ಅಲ್ಲ, ತಂಗಿ.

ತಂಗಿಯಾದ ಮೇಲೆ ನನಗೆ ಬಿಲ್ಲು ಬರುವುದು ನಿಂತುಹೋಯಿತು. ಸಪ್ಲೈಯರನ್ನು ಕೇಳಿದರೆ ಯಜಮಾನರ ಕಡೆ ಕೈ ತೋರಿಸುತ್ತಿದ್ದ. ಯಜಮಾನರ ಮುಂದೆ ನೋಟು ಹಿಡಿದರೆ ಅವರು ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಟ್ಟು ಕೂರುತ್ತಿದ್ದರು. ಇದು ತಂಗಿಗೆ ಊಟವೋ, ಪ್ರೋಗ್ರಾಮಿಗೆ ಕೂಲಿಯೋ? ಕೂಲಿ ಎಂದಾದರೆ ಎಷ್ಟು ದೋಸೆಗೆ ತೀರುತ್ತದೆ? ನನಗೆ ಸಂಕೋಚವಾಗಿ ಬರೀ ಕಾಫಿ ಕುಡಿದು ಏಳಲು ಶುರುಮಾಡಿದೆ. ದುಡ್ಡು ಕೊಡಲಿಲ್ಲವೆಂದು ನಾನು ಮುಖ ಊದಿಸಿಕೊಂಡಿದ್ದೇನೆ ಎಂದು ಅವರಿಗೆ ಅನ್ನಿಸಿರಬೇಕು. ಮನೆಗೇ ಪಾರ್ಸೆಲ್ ಬರತೊಡಗಿತು. ಒಂದು ದಿನ ಗೋಳಿಬಜೆ, ಒಂದು ದಿನ ಬನ್ಸ್, ಒಂದು ದಿನ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ.

ಅಂಬತ್ತೂರಿನ ಕಾರ್ಖಾನೆಯಿಂದ ಬಸ್ಸು ಹತ್ತಿ ಇಳಿದು ಸುಸ್ತಾಗಿ ಬರುವ ನನ್ನ ಗಂಡ ಪೊಟ್ಟಣ ಬಿಚ್ಚಿ ನೋಡಿ, "ಇವತ್ತೂ ಬಜೆನಾ? ನಿನ್ ಪ್ರೋಗ್ರಾಂನಿಂದ ನನ್ ಹೊಟ್ಟೆ ಮುಂದಕ್ ಬತ್ತಾ ಅದೆ ಕಣೆ" ಎನ್ನುತ್ತಿದ್ದರು. ಎಂದರೂ ಒಂದನ್ನೂ ಉಳಿಸುತ್ತಿರಲಿಲ್ಲ.

ದೀಪಾವಳಿಗೆ ಸೀರೆ ಬಂತು. ಯಜಮಾನರ ಹೆಂಡತಿಯೇ ತಂದು ಅರಿಸಿನ ಕುಂಕುಮದ ಜೊತೆ ಕೊಟ್ಟು ಹೋದರು. ಹಸಿರು ಬಣ್ಣ, ಅಗಲವಾದ ಅಂಚು, ಬೆಲೆಯ ಚೀಟಿಯನ್ನು ಕಿತ್ತ ಗುರುತು. ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಅಣ್ಣ ಕೊಟ್ಟ ಸೀರೆನೋ, ಗಿರಾಕಿ ಕೊಟ್ಟ ಸಂಬಳನೋ?"

"ಅಣ್ಣ ಕೊಟ್ಟದ್ದು," ಎಂದೆ ನಾನು, ಧೈರ್ಯವಾಗಿ.

"ಹಂಗಾದ್ರೆ ನಾವೂ ಏನಾರ ಕೊಡ್‌ಬೇಕಲ್ಲ."

ಅದೂ ಸರಿಯೇ. ಟಿ. ನಗರಕ್ಕೆ ಹೋಗಿ, ಜಾತ್ರೆಯಂಥ ಜನಜಂಗುಳಿಯಲ್ಲಿ ನುಗ್ಗಿ, ಒಳ್ಳೆಯ ಜರಿಯಂಚಿನ ಪಂಚೆ, ಶಲ್ಯ ತಂದು ಯಜಮಾನರಿಗೆ ಕೊಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಸಂತೋಷಪಡುತ್ತಾರೆ ಎಂದುಕೊಂಡಿದ್ದವಳಿಗೆ ಅದರ ತಲೆಬುಡ ಅರ್ಥವಾಗಲಿಲ್ಲ. ಸೀರೆಯ ಮೂಲಕ ಅವರು ಹೇಗೋ ಸಾಲ ತೀರಿಸಿಕೊಂಡು ನಿಟ್ಟುಸಿರು ಬಿಟ್ಟಿದ್ದರು, ನಾನು ಅಷ್ಟೇ ಬೆಲೆಯದನ್ನು ವಾಪಸು ತಂದು ಮತ್ತೆ ಅವರ ತಲೆಯ ಮೇಲೆ ಹೇರಿದ್ದೆ. ಇದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಆ ಹೊತ್ತಿಗೆ ಯಜಮಾನರು ಪೆರುಂಗುಡಿಯಲ್ಲಿ, ಐಟಿ ಆಫೀಸುಗಳ ನಡುವೆ, ಎರಡನೆಯ ಹೋಟೆಲ್ ತೆರೆದಿದ್ದರು. ಭಾನುವಾರವೊಂದು ಬಿಟ್ಟು ದಿನಾ ಬೆಳಗಿನ ತಿಂಡಿ ಮುಗಿಯುವ ಮುಂಚೆಯೇ ಅಲ್ಲಿಗೆ ಹೊರಟುಬಿಡುತ್ತಿದ್ದರು, ಮಧ್ಯಾಹ್ನದ ಊಟದ ನೂಕುನುಗ್ಗಲಿಗೆ. ಪಲ್ಲಾವರಂನ ಗಲ್ಲಾದಲ್ಲಿ ಅವರ ಮಗಳು ಕೂರತೊಡಗಿದಳು. ಬಿ.ಕಾಂ. ಮುಗಿಸಿದ್ದ ಚುರುಕು ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಇಲ್ಲಿ ಓದಿದ ನಮ್ಮವರ ಮಕ್ಕಳೆಲ್ಲ ಹಾಗೆಯೇ, ಅದನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ.

ಅವಳಿಂದ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ಆಂಟಿ ಎಂದು ಬಾಯಿತುಂಬ ಕರೆಯುವ ಹುಡುಗಿ ಬರವಣಿಗೆಯಲ್ಲಿ ಯಾವುದೋ ದೊಡ್ಡ ಕಂಪನಿಯ ಮ್ಯಾನೇಜರ್ ಆಗಿದ್ದಳು. ತಮ್ಮ ಸೇವೆಗೆ ಸಂಬಂಧಿಸಿದ ಕೊಟೇಶನ್ನನ್ನು ಜಿಎಸ್‌ಟಿ ನಂಬರಿನ ಸಮೇತ ಆದಷ್ಟು ಬೇಗ ಕಳುಹಿಸಬೇಕಾಗಿ ಕೋರಿಕೆ, ನಮ್ಮ ಆಡಿಟರ್ ಕೇಳುತ್ತಿದ್ದಾರೆ. ನನಗೆ ಜಿಎಸ್‌ಟಿ ನಂಬರ್ ಎಲ್ಲಿಂದ ಬರಬೇಕು? ದುಡ್ಡು ಬೇಡಮ್ಮ ಎಂದು ಉತ್ತರ ಬರೆದೆ. ಹಾಗಾದರೆ ಅದನ್ನೇ ಕೊಟೇಶನ್ ರೂಪದಲ್ಲಿ ಕಳುಹಿಸಿ ಎಂದಳು. ಕೂತು ಒಂದು ಕಾಗದ ತಯಾರಿಸಿದೆ: ಅಕ್ಕಿ ನೆನೆಹಾಕುವ ಪ್ರೋಗ್ರಾಂ, ಒಂದು, ಮೊತ್ತ, ಸೊನ್ನೆ ರೂಪಾಯಿ. ಅಕ್ಷರದಲ್ಲಿಯೂ ಬರೆದೆ, ಸೊನ್ನೆ ರೂಪಾಯಿ ಮಾತ್ರ. ಅದಕ್ಕೆ ಸಹಿ ಹಾಕುವಾಗ ನನಗೇ ನಗು ಬಂತು. ಅವಳು ಹೆಬ್ಬೆರಳಿನ ಚಿತ್ರ ಕಳಿಸಿದಳು. ಮುಂದಿನ ಭಾನುವಾರ ಯಜಮಾನರು ಕೊಟೇಶನ್ನಿನ ಮಾತೇ ಎತ್ತಲಿಲ್ಲ. "ಹೆಂಗೆ ಓಡ್ತಿದೆ ನಮ್ಮ ಪ್ರೋಗ್ರಾಂ?" ಎಂದು ನಾನೇ ಕೇಳಿದೆ. "ಫಸ್ಟ್ ಕ್ಲಾಸ್ ಓಡ್ತಿತ್ತ್ ತಂಗಿ" ಎಂದು ಟ್ಯಾಬ್ಲೆಟ್ ತೆಗೆದು ತೋರಿಸಿದರು. ವಾರದ ಲೆಕ್ಕವೆಲ್ಲ ಅಚ್ಚುಕಟ್ಟಾಗಿ ತುಂಬಿತ್ತು. ನನ್ನ ಹೊಟ್ಟೆ ತಣ್ಣಗಾಯಿತು.

ಕೊಟೇಶನ್ ಎಂದು ಒಂದು ಕಾಗದ ಬರೆದ ಮೇಲೆ ನನಗೆ ಇನ್ನೊಂದು ಭಯ ಹತ್ತಿತು. ಕೆಲಸಕ್ಕೆ ಸೇರುವಾಗ ಹೊರಗಡೆ ಸಂಪಾದನೆ ಮಾಡುವುದಿಲ್ಲ ಎಂದು ನಾನು ಸಹಿ ಹಾಕಿಕೊಟ್ಟಿದ್ದೆ. ಆಫೀಸಿನ ಎಚ್.ಆರ್. ಹುಡುಗಿಯನ್ನು ಕ್ಯಾಂಟೀನಿನಲ್ಲಿ ಹಿಡಿದು, ಹೀಗೊಂದು ಹೋಟೆಲಿಗೆ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ, ಏನಾದರೂ ತೊಂದರೆಯೇ ಎಂದು ಕೇಳಿದೆ. ದುಡ್ಡು ತಗೊಂಡಿರಾ ಎಂದಳು. ಇಲ್ಲ ಎಂದೆ. ಹಾಗಾದರೆ ಅದು ಕೆಲಸವೇ ಅಲ್ಲವಲ್ಲ, ಯಾಕೆ ಕೇಳುತ್ತಿದ್ದೀರಿ ಎಂದು ನಕ್ಕು ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವತ್ತು ಮಧ್ಯಾಹ್ನವೆಲ್ಲ ನನಗೆ ಮನಸ್ಸು ಚುರುಚುರು ಅನ್ನುತ್ತಿತ್ತು.

ಹೀಗಿರುವಾಗ ಮನೆಯಿಂದಲೇ ಕೆಲಸ ಮಾಡುವ ಒಂದು ಬುಧವಾರ ತಲೆ ಸಿಡಿಯುತ್ತಿತ್ತೆಂದು ಕಾಫಿ ಕುಡಿಯಲು ಹೋಟೆಲಿಗೆ ಹೋದೆ. ತಿಂಡಿ ಮುಗಿದಿತ್ತು. ಟೇಬಲ್ ಒರೆಸುತ್ತಿದ್ದರು. ಇದೇ ಹೊತ್ತಿಗಲ್ಲವೇ ನನ್ನ ಪ್ರೋಗ್ರಾಂ ಮಾತಾಡುವುದು ಎಂದು ಒಳಗೊಳಗೇ ಹಿಗ್ಗಿದೆ. ಅದು ಕೆಲಸ ಮಾಡುವುದನ್ನು ಇಷ್ಟು ದಿನಗಳಲ್ಲಿ ನಾನು ಕಣ್ಣಾರೆ ನೋಡಿಯೇ ಇರಲಿಲ್ಲ.

ಮಗಳು ಗಲ್ಲಾದಲ್ಲಿ ಕೂತು ಚಿಲ್ಲರೆ ಜೋಡಿಸುತ್ತಿದ್ದಳು. ಅಡುಗೆಮನೆಯಲ್ಲಿದ್ದ ಅಡುಗೆಯವರ ಕಡೆ ತಿರುಗಿ, "ಅಣ್ಣಾ, ನೇತ್ತು ಮಾದಿರಿಯೇ ಪೋಡುಂಗ" ಎಂದು ಕೂಗಿದಳು. ನಿನ್ನೆಯಷ್ಟೇ ಹಾಕಿ, ಅಷ್ಟೇ. ಒಳಗಿನಿಂದ ಅಕ್ಕಿ ಸುರಿಯುವ ಸದ್ದು ಬಂತು.

ನನ್ನ ಕಣ್ಣು ಟ್ಯಾಬ್ಲೆಟ್ಟನ್ನು ಹುಡುಕಿತು. ಅದು ಗಲ್ಲಾದ ಮೇಲಿನ ದೇವರ ಹಲಗೆಯಲ್ಲಿ ಗಣಪತಿಯ ಪಟಕ್ಕೆ ಒರಗಿ ಕೂತಿತ್ತು. ಸೋಮವಾರದ ಪೂಜೆಯಲ್ಲಿ ಹಚ್ಚಿದ ಕುಂಕುಮ ಹಾಗೇ ಒಣಗಿತ್ತು, ಮೂಲೆಯಲ್ಲಿ ಒಂದು ಬಾಡಿದ ಸೇವಂತಿಗೆ. ಪರದೆ ಕಪ್ಪಗಿತ್ತು.

ಹುಡುಗಿ ನನ್ನನ್ನು ನೋಡಿ ಎದ್ದುನಿಂತಳು. "ಆಂಟಿ! ಇನ್ನಿಕ್ಕು ಸಂಡೇ ಇಲ್ಲಯೇ!"

ಇವತ್ತು ಭಾನುವಾರ ಅಲ್ಲವಲ್ಲ. ಅವಳ ಬಾಯಿಂದ ಜಾರಿದ ಆ ಮಾತಿನಿಂದಲೇ ನನಗೆ ಅರ್ಧ ಗೊತ್ತಾಯಿತು. ಉಳಿದ ಅರ್ಧವನ್ನು ನಾನು ಒತ್ತಾಯ ಮಾಡಿ ಕೇಳಿದೆ. ಅವಳು ತಲೆ ತಗ್ಗಿಸಿಕೊಂಡು ತಮಿಳಿನಲ್ಲಿ ಹೇಳಿದಳು. ಶನಿವಾರ ಸಂಜೆ ಅಪ್ಪ ಬಂದು ವಾರದ ಲೆಕ್ಕವನ್ನೆಲ್ಲ ಒಟ್ಟಿಗೆ ತುಂಬಿಸಿ, ಒರೆಸಿ, ಕೆಳಗಿಡುತ್ತಾರೆ. ಭಾನುವಾರ ನೀವು ಬರುತ್ತೀರಲ್ಲ, ಅದಕ್ಕೆ. ಪೆರುಂಗುಡಿ ಹೋಟೆಲ್ ಶುರುವಾದಾಗಿನಿಂದ ಹೀಗೆಯೇ.

"ಯಾಕೆ? ಲೆಕ್ಕ ತಪ್ಪು ಬರುತ್ತಾ?"

"ಅಪ್ಪಾಕಿಟ್ಟೆ ಕೇಳುಂಗ ಆಂಟಿ." ಅಪ್ಪನನ್ನೇ ಕೇಳಿ. ಅಷ್ಟು ಹೇಳಿ ಕಾಫಿ ತರಿಸಿದಳು. ನಾನು ಕುಡಿಯದೆ ಎದ್ದು ಬಂದೆ.

ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಇಷ್ಟು ತಿಂಗಳು ನಾನು ಬಸ್ಸಿನಲ್ಲಿ ಕೂತಾಗ, ಮೀಟಿಂಗಿನಲ್ಲಿ ಕೂತಾಗ, ಹನ್ನೊಂದರ ಹೊತ್ತಿಗೆ ಗಡಿಯಾರ ನೋಡಿ ಈಗ ಅಲ್ಲಿ ಉದ್ದು ನೆನೆಯುತ್ತಿರುತ್ತದೆ ಎಂದು ಸುಖಪಟ್ಟಿದ್ದೆಲ್ಲ ಸುಳ್ಳೇ? ಒಂದೇ ಒಂದು ದಿನ ಹೇಳಬಾರದಿತ್ತೇ? ಆ ವಾರವೆಲ್ಲ ಪ್ರೋಗ್ರಾಮನ್ನು ಸಾಲುಸಾಲಾಗಿ ಜಾಲಾಡಿದೆ. ಸಂತೆಯ ದಿನ ಹಾಕಿ ನೋಡಿದೆ, ಮಳೆ ಹಾಕಿ ನೋಡಿದೆ, ಅಮಾವಾಸ್ಯೆ ಹಾಕಿ ನೋಡಿದೆ. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು, ಆದರೂ ಒಂದು ತಪ್ಪೂ ಸಿಗಲಿಲ್ಲ. ಸಿಕ್ಕಿದ್ದರೆ ಸಮಾಧಾನವಾದರೂ ಆಗುತ್ತಿತ್ತು.

"ಪುಕ್ಸಟ್ಟೆ ಕೊಟ್ರೆ ಅಷ್ಟೇಯ," ಎಂದರು ಗಂಡ. "ದುಡ್ ಕೇಳು. ಕೊಡ್ತಾರೋ, ತಗೊಂಡ್ ಹೋಗಿ ಅಂತಾರೋ, ಒಂದ್ ಗೊತ್ತಾಯ್ತದೆ."

ಭಾನುವಾರ ಒಬ್ಬಳೇ ಹೋದೆ. ಟ್ಯಾಬ್ಲೆಟ್ ಕೆಳಗಿಳಿದು, ಕುಂಕುಮ ಒರೆಸಿಕೊಂಡು, ಗಲ್ಲಾದ ಮೇಲೆ ಬೆಳಗುತ್ತಾ ಇತ್ತು. ಅದನ್ನು ನೋಡಿ ಇನ್ನಷ್ಟು ಉರಿಯಿತು. ಬುಧವಾರ ನಾನು ಬಂದದ್ದನ್ನು ಮಗಳು ಹೇಳಿದ್ದಾಳೋ ಇಲ್ಲವೋ, ಯಜಮಾನರ ಮುಖದಲ್ಲಿ ಏನೂ ಕಾಣಲಿಲ್ಲ.

"ಬನ್ನಿ ತಂಗಿ. ಇವತ್ತ್ ನೀರುದೋಸೆ ಇತ್ತ್."

"ದೋಸೆ ಬೇಡ ಯಜಮಾನ್ರೇ. ಈ ಪ್ರೋಗ್ರಾಂಗೆ ಐದು ಸಾವಿರ ಆಯ್ತು. ಕೊಡಿ."

ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು. ಪಕ್ಕದಲ್ಲಿ ಬಿಲ್ ಕೊಡುತ್ತಿದ್ದ ಗಿರಾಕಿ ತಿರುಗಿ ನೋಡಿದ. ಯಜಮಾನರಿಗೆ ನೋವಾಗುತ್ತದೆ, ಅಥವಾ ಕೋಪ ಬರುತ್ತದೆ ಎಂದು ನಾನು ಕಾದೆ. ಎರಡೂ ಬರಲಿಲ್ಲ. ಅವರ ಭುಜಗಳು ಇಳಿದವು. ದೊಡ್ಡದಾಗಿ ಉಸಿರುಬಿಟ್ಟರು.

"ಅಬ್ಬ! ಅಂತೂ ಬಾಯಿ ಬಿಟ್ರಲ್ಲ ಮಾರಾಯ್ರೆ!"

ಗಲ್ಲಾ ತೆಗೆದು ನೋಟುಗಳನ್ನು ಎಣಿಸಿದರು. ಒಂದು ರೂಪಾಯಿಯನ್ನೂ ಚೌಕಾಸಿ ಮಾಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ತೆಗೆದುಕೊಂಡೆ, ಜಗಳಕ್ಕೆ ಬಂದವಳ ಜಗಳವನ್ನೇ ಯಾರೋ ಕಿತ್ತುಕೊಂಡ ಹಾಗೆ ಪೆಚ್ಚಾಗಿ ನಿಂತೆ. ಅವರು ಗಲ್ಲಾಕ್ಕೆ ಮಗಳನ್ನು ಕೂರಿಸಿ, ನನ್ನನ್ನು ಮೂಲೆಯ ಟೇಬಲ್ಲಿಗೆ ಕರೆದುಕೊಂಡು ಹೋಗಿ ಎದುರಿಗೆ ಕೂತರು. ಗ್ರೈಂಡರ್ ರಿಪೇರಿಯವನನ್ನು ಕೂರಿಸಿಕೊಂಡು ಮಾತಾಡುವ ಗತ್ತು ಅವರಿಗೆ ಬಂದುಬಿಟ್ಟಿತ್ತು.

"ಈಗ ನಾ ಹೇಳ್ಲಕ್ಕಾ ಮೇಡಂ?"

ಮೇಡಂ ಎಂದದ್ದು ಕಿವಿಗೆ ಬಿತ್ತು. "ಹೇಳಿ" ಎಂದೆ.

"ಅಕ್ಷರ ಸಣ್ಣದಾಯ್ತ್, ಕನ್ನಡಕ ಹಾಕಿರೂ ಕಾಣ್ತಿಲ್ಲೆ. ಕರೆಂಟ್ ಹೋಯಿ ಬಂದ್ರೆ ಮತ್ತೆ ಮೊದ್ಲಿಂದ ಕೇಳತ್ತ್. ನೀವ್ ಕಿಲೋ ಲೆಕ್ಕದಂಗೆ ಹೇಳ್ತ್ರಿ, ನಮ್ದ್ ಎಲ್ಲ ಡಬ್ಬಿ ಅಳತಿ. ದಿನಾ ಭಾಗಾಕಾರ ಮಾಡುಕೆ ನಂಗೆ ಪುರ್ಸೊತ್ ಎಲ್ಲಿತ್ತ್?"

ನಾನು ಫೋನಿನಲ್ಲಿ ಬರೆದುಕೊಂಡೆ. ಒಂದೊಂದು ದೂರಿಗೂ ಬೆಚ್ಚಗಾಗುತ್ತಾ ಹೋದೆ. ಇವರು ಬಳಸಿದ್ದಾರೆ, ನೋಡಿದ್ದಾರೆ, ಇಷ್ಟು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾರೆ.

"ಇದೆಲ್ಲ ಒಂದು ದಿನದ ಕೆಲಸ. ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ?"

"ಹೆಂಗ್ ಹೇಳುದ್? ನೀವ್ ಒಂದ್ ಕಾಸ್ ಮುಟ್ಲಿಲ್ಲೆ. ಸೀರಿ ಕೊಟ್ರೆ ಪಂಚಿ ತಂದ್ ಕೊಟ್ರಿ. ಆಡಿಟರ್ ಬೇರೆ ಹೆದ್ರಿಸ್ದ. ಸೊನ್ನೆ ರೂಪಾಯ್ ಅಂತ ಬರ್ದ್ ಕೊಟ್ಟವ್ರ್ ನಾಳೆ ಹೋಟ್ಲಂಗೇ ಪಾಲ್ ಕೇಳುರ್ ಅಂದ. ಅದನ್ನ್ ನಾ ನಂಬ್ಲಿಲ್ಲೆ. ಆದ್ರೆ ಧರ್ಮಕ್ಕೆ ಮಾಡಿ ಕೊಟ್ಟವ್ರಿಗೆ ಅದ್ ಸಮ ಇಲ್ಲೆ, ಇದ್ ಸಮ ಇಲ್ಲೆ ಅಂಬುಕೆ ಬಾಯಿ ಬತ್ತಾ?"

"ಸರಿ, ಅಕ್ಷರ ದೊಡ್ಡದು ಮಾಡ್ತೀನಿ. ಆದ್ರೆ ಇಷ್ಟಕ್ಕೇ ಬಳಸೋದನ್ನೇ ಬಿಟ್ಟು ದೇವರ ಪಕ್ಕ ಇಟ್ರಾ?"

ಯಜಮಾನರು ಗಲ್ಲಾದ ಕಡೆ ನೋಡಿದರು. ಮಗಳು ಯಾರಿಗೋ ಚಿಲ್ಲರೆ ಕೊಡುತ್ತಾ ನಗುತ್ತಿದ್ದಳು. ಅವರು ಟೇಬಲ್ಲಿನ ಮೇಲೆ ಬಗ್ಗಿ ಧ್ವನಿ ತಗ್ಗಿಸಿದರು.

"ಅವ್ಳಿಗೆ ಕನ್ನಡ ಓದುಕ್ ಬತ್ತಿಲ್ಲೆ."

ನಾನು ಫೋನನ್ನು ಕೆಳಗಿಟ್ಟೆ.

"ಮಾತ್ ಎಲ್ಲ ಗೊತ್ತಾತ್ತ್. ಅಕ್ಷರ ಒಂದೂ ಗೊತ್ತಿಲ್ಲೆ. ನಾನ್ ಪೆರುಂಗುಡಿಗೆ ಹೋಪುಕೆ ಶುರು ಮಾಡ್ದ ಮೇಲೆ ದಿನಾ ಫೋನ್ ಮಾಡಿ ಕೇಳ್ತಿತ್ತ್. ಅಪ್ಪಾ, ಸುತ್ತಿ ಸುತ್ತಿ ಮೇಲೆ ಕೊಂಬ್ ಇಪ್ಪುದ್ ಒತ್ತುದಾ, ಕೆಳ್ಗ್ ಬಾಲ ಇಪ್ಪುದ್ ಒತ್ತುದಾ ಅಂತ. ಅಲ್ಲ್ ಊಟದ ರಶ್, ನಾ ಎಂತ ಹೇಳುದ್? ಬಿಟ್ ಬಿಡ್ ಅಂದೆ." ಅವರು ಟೇಬಲ್ಲಿನ ಮೇಲೆ ಇಲ್ಲದ ನೀರನ್ನು ಬೆರಳಿನಿಂದ ಒರೆಸಿದರು. "ಕನ್ನಡ ಸಂಘದ್ ರಾಜ್ಯೋತ್ಸವಕ್ಕೆ ವರ್ಷ ವರ್ಷ ಉಪ್ಪಿಟ್ಟ್ ಕೇಸರಿಬಾತ್ ಕಳ್ಸು ಮನ್ಷ ನಾನ್. ಸ್ಟೇಜಿನ್ ಮೇಲೆ ಕರ್ದ್ ಶಾಲ್ ಹಾಕ್ತ್ರ್. ನೀವ್ ಅಷ್ಟ್ ಚಂದ ಕನ್ನಡದಂಗೆ ಮಾಡಿ ತಂದ್ ಕೊಟ್ರಿ. ನನ್ ಮಗ್ಳಿಗೆ ಕನ್ನಡ ಕಲ್ಸ್ಲಿಲ್ಲೆ ಅಂತ ತಂಗಿ ಹತ್ರ ಹೆಂಗ್ ಹೇಳುದ್ ಹೇಳಿ. ದುಡ್ಡ್ ತಕಂಡ ಮೇಡಂ ಹತ್ರ ಆರೆ ಹೇಳ್ಲಕ್ಕ್."

ಅವರ ಕಣ್ಣು ನೋಡಲು ನನಗೆ ಆಗಲಿಲ್ಲ. ಕೈಯಲ್ಲಿ ಐದು ಸಾವಿರ ಬೆವರುತ್ತಿತ್ತು. ಕೋಪ ಎಲ್ಲಿಗೋ ಹೋಗಿತ್ತು, ಅದರ ಜಾಗಕ್ಕೆ ಏನು ಬಂದಿದೆಯೋ ತಿಳಿಯದೆ ಒದ್ದಾಡಿದೆ. ಈ ಮನುಷ್ಯ ಶನಿವಾರದ ಶನಿವಾರ ಒಬ್ಬರೇ ಕೂತು, ಕಾಣದ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿಕೊಂಡು ಓದಿ, ವಾರದ ಲೆಕ್ಕ ತುಂಬಿಸುತ್ತಿದ್ದರು. ಅವರು ನಾಚಿಕೆಪಟ್ಟದ್ದು ನನ್ನ ಮುಂದೆ. ನನಗೋ ಇಷ್ಟು ವರ್ಷ ಮದರಾಸಿನಲ್ಲಿದ್ದೂ ತಮಿಳಿನ ಒಂದಕ್ಷರ ಓದಲು ಬಾರದು, ಬಸ್ಸನ್ನು ನಂಬರ್ ನೋಡಿ ಹತ್ತುವವಳು. ಅದಕ್ಕೆ ನಾನು ಒಂದು ದಿನವೂ ನಾಚಿಕೊಂಡವಳಲ್ಲ.

"ಕನ್ನಡ ತೆಗ್ದ್ ತಮಿಳಂಗೆ ಮಾಡಿ ಕೊಡಿ ಮೇಡಂ," ಎಂದರು. "ಜಾಸ್ತಿ ಆರೆ ಅದ್ಕೂ ಬಿಲ್ ಮಾಡಿ."

ಮಧ್ಯಾಹ್ನದ ಊಟ ಮುಗಿದು ಹೋಟೆಲ್ ತಣ್ಣಗಾದ ಮೇಲೆ ಲ್ಯಾಪ್‌ಟಾಪ್ ತಂದು ಅದೇ ಮೂಲೆಯ ಟೇಬಲ್ಲಿನಲ್ಲಿ ಕೂತೆ. ಹುಡುಗಿ ಪಕ್ಕದಲ್ಲಿ ಕೂತಳು. ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದುತ್ತಿದ್ದೆ. ಅರ್ಥ ಹೇಳುವ ಅಗತ್ಯವೇ ಬೀಳಲಿಲ್ಲ, ನಾನು ಬಾಯಿ ಮುಚ್ಚುವ ಮುಂಚೆ ಅವಳ ಬೆರಳು ತಮಿಳಿನಲ್ಲಿ ಓಡುತ್ತಿತ್ತು. 'ನಾಳೆ ಸಂತೆಯೇ?' ಎಂದು ಓದಿದಾಗ ಅವಳಿಗೆ ನಗು ಬಂತು. ಇದು ಹೀಗೆ ಕೇಳುತ್ತಿತ್ತಾ ಆಂಟಿ, ನಮ್ಮ ಅಜ್ಜಿ ಕೇಳಿದ ಹಾಗೇ ಇದೆ ಎಂದಳು ತಮಿಳಿನಲ್ಲಿ. ಅವಳು ಹೊಸ ಸಾಲು ಸೇರಿಸಿದ ಮೇಲೆ ಹಳೆಯದನ್ನು ನಾನು ಅಳಿಸುತ್ತಿದ್ದೆ. 'ಉದ್ದು ಇಷ್ಟು ಸಾಕು' ಬಂದಾಗ ಸ್ವಲ್ಪ ತಡೆದೆ. ಆಮೇಲೆ ಅದನ್ನೂ ಅಳಿಸಿದೆ. ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಡಬ್ಬಿಯ ಅಳತೆಯನ್ನು ಸೇರಿಸಿ, ಅಕ್ಷರ ದೊಡ್ಡದು ಮಾಡಿ, ಸಂಜೆಯೊಳಗೆ ಮುಗಿಸಿದೆವು.

ಆ ಐದು ಸಾವಿರವನ್ನು ಏನೆಂದು ಕರೆಯಬೇಕೋ, ಎಚ್.ಆರ್. ಹುಡುಗಿಗೆ ಈಗ ಏನೆಂದು ಹೇಳಬೇಕೋ ನನಗೆ ತೋಚಲಿಲ್ಲ. ಬೀರುವಿನಲ್ಲಿ ಹಸಿರು ಸೀರೆಯ ಮಡಿಕೆಯೊಳಗೆ ಇಟ್ಟೆ. ಇವತ್ತಿಗೂ ಅಲ್ಲೇ ಇದೆ. ಗಂಡ ಕೇಳಿದಾಗಲೆಲ್ಲ ಯೋಚನೆ ಮಾಡುತ್ತಿದ್ದೇನೆ ಎನ್ನುತ್ತೇನೆ.

ಮಾರನೆಯ ದಿನ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿತ್ತು. ಹನ್ನೊಂದು ದಾಟಿತ್ತು. ಫೋನ್ ಅದುರಿತು, ಹೋಟೆಲಿನ ಹುಡುಗಿ. ಎದ್ದು ಹೊರಗೆ ಬಂದೆ.

"ಎನ್ನ ಆಂಟಿ ಇದು!" ಅವಳ ಧ್ವನಿಯಲ್ಲಿ ಸಿಡುಕಿತ್ತು, ಆಂಟಿ ಎಂಬ ದಾಕ್ಷಿಣ್ಯ ಚೂರೂ ಇರಲಿಲ್ಲ. ಬಟನ್ ಒತ್ತಿದರೆ ಏನೋ ಬರೆದುಕೊಂಡು ನಿಂತುಬಿಟ್ಟಿದೆ, ಮುಂದಕ್ಕೆ ಹೋಗುತ್ತಿಲ್ಲ, ಒಳಗೆ ಅಡುಗೆಯ ಅಣ್ಣ ಅಕ್ಕಿ ಹಿಡಿದುಕೊಂಡು ಕಾಯುತ್ತಿದ್ದಾರೆ, ಸೀಕ್ರಂ, ಬೇಗ ಹೇಳಿ ಎಂದು ಒಂದೇ ಉಸಿರಿಗೆ ಬೈದಳು. ಬೈಯುತ್ತಿದ್ದಾಳೆ, ಅಂದರೆ ಬಳಸುತ್ತಿದ್ದಾಳೆ. ಪೆರುಂಗುಡಿಯ ಆ ಏಸಿ ವರಾಂಡದಲ್ಲಿ ನನ್ನ ಕಣ್ಣಲ್ಲಿ ನೀರು ತುಂಬಿತು. ಪರದೆಯ ಫೋಟೋ ಕಳಿಸು ಎಂದೆ.

ಫೋಟೋ ಬಂತು. ಕಣ್ಣು ಒರೆಸಿಕೊಂಡು ದೊಡ್ಡದು ಮಾಡಿ ನೋಡಿದೆ. ಪ್ರೋಗ್ರಾಂ ನನ್ನದೇ, ಬಣ್ಣ ನನ್ನದೇ, ಮೂಲೆಯ ಪುಟ್ಟ ಇಡ್ಲಿಯ ಚಿತ್ರವೂ ನಾನೇ ಬರೆದದ್ದು. ಮಧ್ಯದಲ್ಲಿ ದಪ್ಪಕ್ಷರದಲ್ಲಿ ಎರಡು ಸಾಲು ತಮಿಳು ಇತ್ತು. ನೇರ ಮಾಡಿ ನೋಡಿದೆ, ಓರೆ ಮಾಡಿ ನೋಡಿದೆ. ಎಲ್ಲಿ ಕೊಂಬು, ಎಲ್ಲಿ ಬಾಲ, ಒಂದೂ ತಿಳಿಯಲಿಲ್ಲ.

"ಏನಮ್ಮಾ ಅದು," ಎಂದು ಕೇಳಿದೆ, "ಸ್ವಲ್ಪ ಓದಿ ಹೇಳು."